ಮಳೆ ಬಂದರೆ ಮುಗ್ಗರಿಸುವ ಕಾರು

ಇದು ಆಗುಂಬೆ ಘಾಟಿ. ಹೋದ ಜುಲೈ ತಿಂಗಳಲ್ಲಿ ಪುನರ್ವಸು ಮಳೆ ಹಿಡಿದಿದ್ದಾಗ ತೆಗೆದ ದೃಶ್ಯ. ವೈಪರ್ ಎಷ್ಟು ಬೀಸಿದರೂ ಗಾಜು ತಿಳಿಯಾಗುತ್ತಿಲ್ಲ. ದೃಶ್ಯವನ್ನು ಬಿಡಿ, ಸದ್ದನ್ನು ಕೇಳಿ. ಆ ತಡವರಿಕೆ ಕೇಳಿಸಿತೇ? ಹೆಬ್ರಿಯ ಅಕ್ಕನ ಮನೆಯಿಂದ ನಾನು, ಅಪ್ಪಯ್ಯ ತೀರ್ಥಹಳ್ಳಿಯ ಕಡೆಗೆ ಹೊರಟಿದ್ದೆವು. ಘಾಟಿಯಲ್ಲಿರುವುದು 14 ಹೇರ್‌ಪಿನ್ ತಿರುವುಗಳು. ನಾಲ್ಕನೆಯದನ್ನು ದಾಟುತ್ತಿದ್ದಂತೆ ಎಂಜಿನ್ ಮಿಸ್ಸಿಂಗ್ ಹೊಡೆಯಲು, ಅಂದರೆ ನಡುನಡುವೆ ಪೆಟ್ರೋಲ್ ಉರಿಯದೆ ಮುಗ್ಗರಿಸಲು ಶುರುವಾಯಿತು. ಮೂರನೆಯ ಗೇರಿನಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ. ಹಿಂದೆ ಬಸ್ಸಿನ ಹಾರ್ನ್, ಪಕ್ಕದಲ್ಲಿ ಕಣಿವೆ. ಅಪ್ಪಯ್ಯ ಬಾಗಿಲಿನ ಹಿಡಿಕೆಯನ್ನು ಗಟ್ಟಿಯಾಗಿ ಹಿಡಿದುಕೊಂಡು ಮಾತಿಲ್ಲದೆ ಕುಳಿತಿದ್ದರು. ಆ ದಿನ ನನಗೆ ನಿಜವಾಗಿಯೂ ಭಯವಾಗಿತ್ತು.

ಮರುದಿನ ಬೆಳಿಗ್ಗೆ ಮಳೆ ಹೊಳವಾಗಿತ್ತು. ಪೇಟೆಯ ಗ್ಯಾರೇಜಿಗೆ ಕಾರನ್ನು ಒಯ್ದರೆ ಅದು ಎಳ್ಳಷ್ಟೂ ತಕರಾರು ಮಾಡಲಿಲ್ಲ. ಮೆಕ್ಯಾನಿಕ್ ಒಂದು ಸುತ್ತು ಓಡಿಸಿ ಬಂದು, "ಏನೂ ಆಗಿಲ್ಲವಲ್ಲ ಮಾರಾಯರೇ" ಎಂದರು. ಅವರದು ತಪ್ಪಲ್ಲ. ಒಣಗಿದ ಎಂಜಿನ್ನಿನಲ್ಲಿ ಅವರಿಗೆ ಕಾಣುವುದಾದರೂ ಏನು? ಪೆಟ್ರೋಲಿಗೆ ಕಿಡಿ ಹೊತ್ತಿಸುವ ಪ್ಲಗ್ ಬದಲಿಸಿದೆವು, ಪೆಟ್ರೋಲ್ ಫಿಲ್ಟರ್ ಬದಲಿಸಿದೆವು. ಮುಂದಿನ ಮಳೆಗೆ ಮತ್ತದೇ ಕಥೆ. ಇನ್ನೊಂದು ಗ್ಯಾರೇಜಿನಲ್ಲಿ ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರನ್ನೇ ಬದಲಿಸಬೇಕು ಎಂದರು. ಅಲ್ಲಿಗೆ ನಾನು ಸಾಕು ಎಂದೆ. ದೋಷ ಎಲ್ಲಿದೆ ಎಂದು ಕಣ್ಣಿಗೆ ಕಾಣುವವರೆಗೆ ಇನ್ನೊಂದು ಭಾಗಕ್ಕೂ ಹಣ ಕೊಡುವುದಿಲ್ಲ ಎಂದು ನಿಶ್ಚಯಿಸಿದೆ.

ಈಗ ಪರದೆಯ ಮೇಲಿರುವುದು ನನ್ನ ನೋಟ್‌ಪುಸ್ತಕ. ಹತ್ತು ದಿನ ಕಾರು ಯಾವಾಗ ಕೆಟ್ಟಿತು, ಯಾವಾಗ ಸರಿಯಾಯಿತು ಎಂದು ಬರೆದಿಟ್ಟೆ. ಬಿಸಿಲಿದ್ದ ದಿನ ಎಂಥ ಏರಿನಲ್ಲೂ ತೊಂದರೆಯಿಲ್ಲ. ಮಳೆಯಲ್ಲಿ ನಿಂತಲ್ಲೇ ಓಡುವಾಗಲೂ ತೊಂದರೆಯಿಲ್ಲ, ಏರಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಎಳೆಯುವುದಿಲ್ಲ. ರಸ್ತೆಯ ಹೊಂಡದ ನೀರು ಕೆಳಗಿನಿಂದ ಎರಚಿದ ಮೇಲಂತೂ ಇನ್ನೂ ಜೋರು. ಬದಿಗೆ ನಿಲ್ಲಿಸಿ ಎಂಜಿನ್ನಿನ ಕಾವಿಗೆ ಇಪ್ಪತ್ತು ನಿಮಿಷ ಆರಲು ಬಿಟ್ಟರೆ ತಾನಾಗಿಯೇ ಸರಿ. ಈ ನಾಲ್ಕು ಸಾಲುಗಳಲ್ಲೇ ಉತ್ತರದ ಮುಕ್ಕಾಲು ಪಾಲು ಇತ್ತು.

ಪೆಟ್ರೋಲಿಗೆ ನೀರು ಸೇರಿರಬಹುದೇ ಎಂಬ ಅನುಮಾನವನ್ನು ಮೊದಲು ತೀರಿಸಿಕೊಂಡೆ. ಗಾಜಿನ ಸೀಸೆಗೆ ಸ್ವಲ್ಪ ಪೆಟ್ರೋಲ್ ತೆಗೆದು ಅಲುಗಾಡಿಸದೆ ಇಟ್ಟೆ. ನೀರು ಪೆಟ್ರೋಲಿಗಿಂತ ಭಾರ. ಇದ್ದಿದ್ದರೆ ತಳದಲ್ಲಿ ಬೇರೆ ಪದರವಾಗಿ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಅಲ್ಲದೆ ಟ್ಯಾಂಕಿನ ನೀರು ಇಪ್ಪತ್ತು ನಿಮಿಷದಲ್ಲಿ ಆರಿ ಹೋಗುವುದೂ ಇಲ್ಲ. ಉಳಿದದ್ದು ಕಿಡಿ.

ನಮ್ಮದು ಮೂರು ಸಿಲಿಂಡರಿನ ಹಳೆಯ ಕಾರು. ಬ್ಯಾಟರಿಯ 12 ವೋಲ್ಟನ್ನು ಇಗ್ನಿಷನ್ ಕಾಯಿಲ್ 15 ಸಾವಿರ, 20 ಸಾವಿರ ವೋಲ್ಟಿಗೆ ಏರಿಸುತ್ತದೆ. ಅದು ಡಿಸ್ಟ್ರಿಬ್ಯೂಟರಿಗೆ ಬರುತ್ತದೆ. ಅದರ ಮುಚ್ಚಳದೊಳಗೆ, ಅಂದರೆ ಕ್ಯಾಪಿನೊಳಗೆ ತಿರುಗುವ ರೋಟರ್ ಒಂದೊಂದು ಸಿಲಿಂಡರಿಗೂ ಅದರ ಸರದಿಯಲ್ಲಿ ಅದನ್ನು ಹಂಚುತ್ತದೆ. ಅಲ್ಲಿಂದ ದಪ್ಪ ವಯರುಗಳ ಮೂಲಕ ಪ್ಲಗ್ಗಿಗೆ. ಇಷ್ಟು ವೋಲ್ಟೇಜ್ ಸುಲಭದ ದಾರಿ ಸಿಕ್ಕಿದರೆ ಬಿಡುವುದಿಲ್ಲ. ಶುದ್ಧ ನೀರಿನಲ್ಲಿ ವಿದ್ಯುತ್ ಅಷ್ಟಾಗಿ ಹರಿಯುವುದಿಲ್ಲ, ಆದರೆ ವರ್ಷಗಟ್ಟಲೆ ಕುಳಿತ ಧೂಳು ಮತ್ತು ಎಣ್ಣೆಯ ಜಿಡ್ಡಿಗೆ ತೇವ ಸೇರಿದರೆ ಆ ಪದರವೇ ದಾರಿಯಾಗುತ್ತದೆ.

ಏರಿನಲ್ಲಿ ಮಾತ್ರ ಏಕೆ ಎಂಬುದು ನನ್ನನ್ನು ಬಹಳ ಕಾಡಿತ್ತು. ಆಕ್ಸಿಲರೇಟರ್ ಒತ್ತಿದಾಗ ಸಿಲಿಂಡರಿನೊಳಗೆ ಹೆಚ್ಚು ಗಾಳಿ, ಪೆಟ್ರೋಲ್ ತುಂಬಿ ಒತ್ತಡ ಏರುತ್ತದೆ. ಒತ್ತಡ ಏರಿದಷ್ಟೂ ಪ್ಲಗ್ಗಿನ ಸಣ್ಣ ಸಂದನ್ನು ಜಿಗಿಯಲು ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕು. ಒಳಗೆ ಜಿಗಿಯುವುದು ಕಷ್ಟವಾದಾಗ ಅದು ಹೊರಗೆ, ವಯರಿನ ಬಿರುಕಿನಿಂದ ಹತ್ತಿರದ ಕಬ್ಬಿಣಕ್ಕೆ ಹಾರಿಬಿಡುತ್ತದೆ. ಇದು ಅರ್ಥವಾದ ಸಂಜೆ ನಾನು ಊಟವನ್ನೂ ಮರೆತು ಬಾನೆಟ್ಟಿನ ಮುಂದೆ ನಿಂತಿದ್ದೆ.

ಮಳೆಗೆ ಕಾಯುವ ಬದಲು ಮಳೆಯನ್ನು ನಾವೇ ತರಿಸಬಹುದು. ಇದು ಆ ರಾತ್ರಿಯ ದೃಶ್ಯ, ಒಂಬತ್ತು ಗಂಟೆ ದಾಟಿದೆ. ಅಂಗಳದ ದೀಪ ಆರಿಸಿದ್ದೇವೆ. ಹೊಗೆ ಕಟ್ಟಿಕೊಳ್ಳದಂತೆ ಕಾರನ್ನು ಬಯಲಿನಲ್ಲೇ ನಿಲ್ಲಿಸಿದ್ದೇವೆ, ಚಕ್ರಗಳಿಗೆ ಕಲ್ಲು ಕೊಟ್ಟಿದ್ದೇವೆ. ಪೆಟ್ರೋಲ್ ಎಲ್ಲಿಯೂ ಜಿನುಗುತ್ತಿಲ್ಲ ಎಂಬುದನ್ನು ಮೊದಲೇ ನೋಡಿಕೊಂಡಿದ್ದೇವೆ. ಇದನ್ನು ನೋಡದೆ ದಯವಿಟ್ಟು ಈ ಪರೀಕ್ಷೆ ಮಾಡಬೇಡಿ. ಗೇರ್ ನ್ಯೂಟ್ರಲ್‌ನಲ್ಲಿದೆ, ಹ್ಯಾಂಡ್‌ಬ್ರೇಕ್ ಎಳೆದಿದೆ, ಅಪ್ಪಯ್ಯ ಸ್ಟಿಯರಿಂಗ್ ಹಿಂದೆ ಇದ್ದಾರೆ. ತಮ್ಮ ಕ್ಯಾಮೆರಾ ಹಿಡಿದಿದ್ದಾನೆ. ನನ್ನ ಕೈಯಲ್ಲಿರುವುದು ಅಮ್ಮ ಹೂವಿನ ಕುಂಡಗಳಿಗೆ ನೀರು ಚಿಮುಕಿಸುವ ಬಾಟಲಿ. ವಯರನ್ನಾಗಲೀ ಕ್ಯಾಪನ್ನಾಗಲೀ ಮುಟ್ಟಬಾರದು, ಫ್ಯಾನ್ ಬೆಲ್ಟಿನ ಹತ್ತಿರ ಕೈಯಾಗಲೀ ಬಟ್ಟೆಯಾಗಲೀ ಹೋಗಬಾರದು. ದೂರದಿಂದ ಇಬ್ಬನಿಯಷ್ಟು ಸಣ್ಣ ಹನಿ ಸಾಕು.

ಮೊದಲ ವಯರ್, ಏನೂ ಇಲ್ಲ. ಮೂರನೆಯದು, ಏನೂ ಇಲ್ಲ. ಈಗ ಎರಡನೆಯದು. ಅಪ್ಪಯ್ಯ ಆಕ್ಸಿಲರೇಟರ್ ಒತ್ತುತ್ತಾರೆ. ನೋಡಿ, ಅಲ್ಲಿ! ನೀಲಿ ಎಳೆ. ಟಿಕ್, ಟಿಕ್ ಎಂಬ ಸದ್ದು. ವಯರಿನ ಮೈಯಿಂದ ಎಂಜಿನ್ನಿನ ಮೇಲಿನ ತಗಡಿಗೆ ಕಿಡಿ ಹಾರುತ್ತಿದೆ, ಅದೇ ಲಯಕ್ಕೆ ಎಂಜಿನ್ ಮುಗ್ಗರಿಸುತ್ತಿದೆ. ಮೂರು ವಾರ ಹುಡುಕಿದ್ದು ಬೆರಳ ತುದಿಯಷ್ಟು ಜಾಗದಲ್ಲಿತ್ತು. "ಸಿಕ್ಕಿತು ಅಪ್ಪಯ್ಯ!" ಎಂದು ಕೂಗಿದ ದನಿ ನನ್ನದೇ.

ಎಂಜಿನ್ ತಣಿದ ಮೇಲೆ ವಯರನ್ನು ಬಿಚ್ಚಿದೆ. ತಗಡಿಗೆ ಉಜ್ಜಿ ಉಜ್ಜಿ ಒಂದು ಕಡೆ ರಬ್ಬರ್ ಸವೆದು ಬಿರಿದಿತ್ತು. ವಿದ್ಯುತ್ತಿಗೆ ಎಷ್ಟು ತಡೆ ಇದೆ ಎಂದು ಅಳೆಯಲು ಮಲ್ಟಿಮೀಟರ್ ಇಟ್ಟರೆ ಉಳಿದೆರಡು ವಯರುಗಳು ಆರು, ಏಳು ಸಾವಿರ ಓಮ್ ತೋರಿಸಿದವು, ಇದು 30 ಸಾವಿರ ದಾಟಿತು. ಒಳಗಿನ ಎಳೆಯೂ ಹಾಳಾಗಿತ್ತು. ಹಾಗಾಗಿಯೇ ಕಿಡಿ ಹೊರದಾರಿ ಹುಡುಕಿತ್ತು. ಮೂರನ್ನೂ ಒಟ್ಟಿಗೆ ಬದಲಿಸಿ, ತಗಡಿಗೆ ತಾಗದಂತೆ ಕ್ಲಿಪ್ಪಿನಲ್ಲಿ ಕೂರಿಸಿದೆ.

ಕೆಲಸ ಮುಗಿಯಿತು ಎಂದುಕೊಂಡಿದ್ದೆ. ವಾರದ ನಂತರ, ರಾತ್ರಿಯಿಡೀ ಮಳೆ ಸುರಿದ ಬೆಳಿಗ್ಗೆ, ಕಾರು ಸ್ಟಾರ್ಟೇ ಆಗಲಿಲ್ಲ. ಈ ಬಾರಿ ನೇರವಾಗಿ ಡಿಸ್ಟ್ರಿಬ್ಯೂಟರ್ ಕ್ಯಾಪ್ ಬಿಚ್ಚಿದೆ. ಒಳಗೋಡೆಯ ಮೇಲೆ ಬೆವರಿನಂತೆ ಹನಿಗಳು. ಹೊರಗಿನ ತೇವವನ್ನು ತಡೆಯಬೇಕಾದ ರಬ್ಬರ್ ಬಳೆ ಒಣಗಿ ಗಟ್ಟಿಯಾಗಿತ್ತು. ಕ್ಯಾಪನ್ನು ಒರೆಸಿ, ಮಳೆಗಾಲದಲ್ಲಿ ನಾವು ಬಟ್ಟೆ ಒಣಗಿಸುವಂತೆ ಬಚ್ಚಲೊಲೆಯ ಬಿಸಿ ತಾಗುವಷ್ಟು ದೂರದಲ್ಲಿ ಇಟ್ಟೆ. ಹಾಕಿದ ಕೂಡಲೇ ಎಂಜಿನ್ ಓಡಿತು. ಆದರೆ ಟಾರ್ಚಿನ ಬೆಳಕಿನಲ್ಲಿ ಹತ್ತಿರದಿಂದ ನೋಡಿದಾಗ, ಪೆನ್ಸಿಲಿನಲ್ಲಿ ಎಳೆದಂಥ ಒಂದು ಕಪ್ಪು ಗೆರೆ ಎರಡು ಲೋಹದ ಮೊನೆಗಳ ನಡುವೆ ಕಂಡಿತ್ತು. ಕಿಡಿ ಹರಿದು ಹರಿದು ಸುಟ್ಟು ಮೂಡಿದ ಇಂಗಾಲದ ಗೆರೆ ಅದು. ಕೆರೆದರೂ ಮತ್ತೆ ಅದೇ ಜಾಗದಲ್ಲಿ ಮೂಡುತ್ತದೆ. ಕ್ಯಾಪ್, ರೋಟರ್, ರಬ್ಬರ್ ಬಳೆ, ಮೂರೂ ಹೊಸದಾದವು.

ಹೊಸ ಕಾರುಗಳಲ್ಲಿ ಡಿಸ್ಟ್ರಿಬ್ಯೂಟರ್ ಇರುವುದಿಲ್ಲ, ಹಲವದರಲ್ಲಿ ಪ್ರತಿ ಪ್ಲಗ್ಗಿನ ತಲೆಯ ಮೇಲೂ ಒಂದು ಕಾಯಿಲ್ ಇರುತ್ತದೆ. ಅಲ್ಲಿಯೂ ರಬ್ಬರ್ ಬಿರಿದರೆ, ಸರ್ವಿಸಿನಲ್ಲಿ ಜೋರು ಪೈಪಿನಿಂದ ನೀರು ಹೊಡೆದು ಪ್ಲಗ್ಗಿನ ಗುಳಿಯಲ್ಲಿ ನೀರು ನಿಂತರೆ, ಇದೇ ತೊಂದರೆ. ಕಾರಿನ ದೋಷದ ಸಂಕೇತಗಳನ್ನು ಓದುವ ಸ್ಕ್ಯಾನರಿನಲ್ಲಿ ಪಿ0302 ಎಂದು ಬಂದರೆ ಎರಡನೆಯ ಸಿಲಿಂಡರಿನಲ್ಲಿ ಮಿಸ್ಸಿಂಗ್ ಎಂದರ್ಥ. ಚೆಕ್ ಎಂಜಿನ್ ದೀಪ ಮಿನುಗುತ್ತಿದ್ದರೆ ಓಡಿಸುತ್ತಾ ಹೋಗಬೇಡಿ, ಉರಿಯದ ಪೆಟ್ರೋಲ್ ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುತ್ತದೆ.

ಇದು ಕೊನೆಯ ದೃಶ್ಯ. ಆಶ್ಲೇಷಾ ಮಳೆ, ಅದೇ ಘಾಟಿ, ಬೇಕೆಂದೇ ಇಳಿದು ಮತ್ತೆ ಹತ್ತುತ್ತಿದ್ದೇವೆ. ನಾಲ್ಕನೆಯ ತಿರುವು ಕಳೆಯಿತು. ಏಳು ಕಳೆಯಿತು. ಎದುರಿನಿಂದ ಬಂದ ಲಾರಿ ಬಾನೆಟ್ಟಿನ ಮೇಲೆ ಒಂದು ಕೊಡ ನೀರು ಎರಚಿ ಹೋಯಿತು. ಕಾರು ಎರಡನೆಯ ಗೇರಿನಲ್ಲಿ ಎಳೆಯುತ್ತಲೇ ಇದೆ. ಹನ್ನೊಂದನೆಯ ತಿರುವಿನಲ್ಲಿ ಅಪ್ಪಯ್ಯ ಬಾಗಿಲಿನ ಹಿಡಿಕೆಯಿಂದ ಕೈ ತೆಗೆದು, "ಕಿಟಕಿ ಸ್ವಲ್ಪ ಇಳಿಸು, ಸದ್ದು ಕೇಳಬೇಕು" ಎಂದರು. ಇಳಿಸಿದೆ. ಮಳೆ ಒಳಗೆ ಬಂತು, ಅವರ ಅಂಗಿಯ ತೋಳು ತೊಯ್ದಿತು. ಆಗುಂಬೆ ಬರುವವರೆಗೂ ಅವರು ಅದನ್ನು ಏರಿಸಲು ಬಿಡಲಿಲ್ಲ.