ಪುಕ್ಕಟೆ ದುಡಿಮೆಗೂ ಪರವಾನಗಿ

ಕೇಳುಗರಿಗೆ ನಮಸ್ಕಾರ.

2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರೋಣ ತಾಲೂಕಿನ ಹೊಳೆಆಲೂರಿಗೆ ನುಗ್ಗಿದಾಗ, ಹುಬ್ಬಳ್ಳಿ-ಧಾರವಾಡದಿಂದ ಖಡಕ್ ರೊಟ್ಟಿಯ ಗಂಟು, ಶೇಂಗಾ ಚಟ್ನಿ, ಚಾದರಗಳನ್ನು ಟೆಂಪೊಗಳಲ್ಲಿ ಹೇರಿಕೊಂಡು ಹೋದವರನ್ನು ಯಾರೂ ‘ಕೆಲಸದ ಪರವಾನಗಿ ಎಲ್ಲಿ?’ ಎಂದು ಕೇಳಲಿಲ್ಲ, ಕೇಳಿದ್ದರೆ ನಗುತ್ತಿದ್ದೆವು. ಅದೇ ಉತ್ಸಾಹದಲ್ಲಿ ದೇಶದ ಗಡಿ ದಾಟಿದವರಿಗೆ ಈ ಪ್ರಶ್ನೆ ನಿಜವಾಗಿಯೂ ಎದುರಾಗುತ್ತದೆ, ಮತ್ತು ‘ನಾನು ಸಂಬಳ ಪಡೆಯುವುದಿಲ್ಲವಲ್ಲ’ ಎಂಬ ಉತ್ತರ ಅಲ್ಲಿ ಎಷ್ಟೋ ಸಲ ನಡೆಯುವುದಿಲ್ಲ.

ಥಾಯ್ಲೆಂಡನ್ನೇ ನೋಡಿ. 2004ರ ಡಿಸೆಂಬರ್ 26ರ ಸುನಾಮಿಯ ನಂತರ ಖಾವ್ ಲಕ್ ಕಡಲತೀರಕ್ಕೆ ನಾನಾ ದೇಶಗಳ ಸ್ವಯಂಸೇವಕರು ಬಂದಿಳಿದರು. ಅಂದು ಜಾರಿಯಲ್ಲಿದ್ದ 1978ರ ಕಾಯ್ದೆಯ ಪ್ರಕಾರ ಮೈ ಬಗ್ಗಿಸಿಯಾಗಲಿ ವಿದ್ಯೆ ಬಳಸಿಯಾಗಲಿ ಮಾಡಿದ್ದೆಲ್ಲವೂ, ಕೂಲಿ ಸಿಗಲಿ ಬಿಡಲಿ, ಕೆಲಸವೇ ಆಗಿತ್ತು. ಹೀಗಾಗಿ ಸಲಿಕೆ ಹಿಡಿದವನಿಗೂ ಪರವಾನಗಿ ಬೇಕಿತ್ತು. ತುರ್ತು ಕೆಲಸವನ್ನು ಲಿಖಿತ ಸೂಚನೆ ಕೊಟ್ಟು 15 ದಿನಗಳವರೆಗೆ ಮಾಡಬಹುದೆಂಬ ಸಣ್ಣ ಕಿಂಡಿಯೊಂದಿತ್ತು, ಆದರೆ ಬಿದ್ದ ಮನೆ ಕಟ್ಟುವುದು 15 ದಿನಗಳ ಬಾಬತ್ತಲ್ಲ. ಕೆಲಸದ ಈ ವ್ಯಾಖ್ಯೆಯನ್ನು 2018ರಲ್ಲಿ ಬದಲಿಸಿದ್ದಾರೆ.

ಇಂಥ ನಿಯಮ ನಿರ್ದಯವೆಂದು ಕೆಲವರು ಹೇಳುತ್ತಾರೆ. ನನಗೆ ಪೂರ್ತಿ ಹಾಗೆನಿಸುವುದಿಲ್ಲ. ದೋಣಿ ಕಳೆದುಕೊಂಡ ಮೀನುಗಾರನಿಗೆ ಆ ಹೊತ್ತಿನಲ್ಲಿ ಗೋಡೆ ಕಟ್ಟುವ ಕೂಲಿಯೇ ಆಸರೆ. ಅಲ್ಲಿಗೆ ಪುಕ್ಕಟೆ ಕೈಗಳು ಬಂದು ನಿಂತರೆ ಅವನ ಪಗಾರಕ್ಕೇ ಕುತ್ತು. ನಮ್ಮ ದೇಶವೂ ಪ್ರವಾಸಿ ವೀಸಾದ ಮೇಲೆ ಬಂದವರಿಗೆ ಹಣ ಪಡೆಯದ ಸ್ವಯಂಸೇವೆಯನ್ನು ಹೆಚ್ಚೆಂದರೆ ಒಂದು ತಿಂಗಳಷ್ಟೇ ಒಪ್ಪುತ್ತದೆ.

2007ರಲ್ಲಿ ಜಿನೀವಾದಲ್ಲಿ ನಡೆದ ರೆಡ್ ಕ್ರಾಸ್ ಮತ್ತು ರೆಡ್ ಕ್ರೆಸೆಂಟ್ ಅಂತಾರಾಷ್ಟ್ರೀಯ ಸಮ್ಮೇಳನವು, ಪರಿಹಾರ ಸಿಬ್ಬಂದಿಗೆ ವೀಸಾ ಮತ್ತು ಕೆಲಸದ ಪರವಾನಗಿಗಳನ್ನು ಮನ್ನಾ ಮಾಡಬೇಕು ಇಲ್ಲವೇ ಬೇಗನೆ ಕೊಡಬೇಕು ಎಂಬ ಮಾರ್ಗಸೂಚಿಯನ್ನು ಅಂಗೀಕರಿಸಿತು. ಅದು ಸಲಹೆಯೇ ಹೊರತು ಕಾನೂನಲ್ಲ. ಮೇಲಾಗಿ ಅದು ಸಂಸ್ಥೆಗಳ ಮೂಲಕ ಹೋದವರನ್ನು ಕುರಿತದ್ದು, ಚೀಲ ಹೆಗಲಿಗೇರಿಸಿ ಒಬ್ಬರೇ ಹೊರಟವರನ್ನಲ್ಲ.

ನಮ್ಮ ಕಡೆಯವರಿಗೆ ಇನ್ನೊಂದು ತೊಡಕಿದೆ. ಭೂಕಂಪವಾದ ಊರಿಗೆ ಬೇಕಾದವನು ಗದಗಿನ ಗೌಂಡಿಯಂಥ ಕೆಲಸಗಾರ. ಆದರೆ ಹತ್ತನೆಯ ತರಗತಿ ಮುಗಿಸದವರ ಪಾಸ್‌ಪೋರ್ಟು ಸಾಮಾನ್ಯವಾಗಿ ಇಸಿಆರ್, ಅಂದರೆ ವಲಸೆ ತಪಾಸಣೆ ಬೇಕಾದ ವರ್ಗದ್ದಾಗಿರುತ್ತದೆ. ಇಂಡೋನೇಷ್ಯಾ, ಥಾಯ್ಲೆಂಡ್ ಸೇರಿದಂತೆ 18 ದೇಶಗಳಿಗೆ ಅವರು ಉದ್ಯೋಗಕ್ಕಾಗಿ ಹೋಗಲು ನಮ್ಮ ಸರಕಾರದ ವಲಸೆ ಅನುಮತಿ ಬೇಕು. ಹೊರಟಿರುವುದು ಉದ್ಯೋಗಕ್ಕೋ ಸೇವೆಗೋ ಎಂಬ ಪ್ರಶ್ನೆ ವಿಮಾನ ಹತ್ತುವ ಮೊದಲೇ ಏಳಬಹುದು. ಆದ್ದರಿಂದ ಏನು ಕೆಲಸ, ಯಾವ ಊರು, ಎಷ್ಟು ದಿನ ಎಂಬುದನ್ನು ಸ್ಪಷ್ಟವಾಗಿ ಬರೆದ ಪತ್ರವನ್ನು ಅಲ್ಲಿನ ಸಂಸ್ಥೆಯಿಂದ ತರಿಸಿಕೊಂಡು, ಆ ದೇಶದ ರಾಯಭಾರ ಕಚೇರಿಗೆ ತೋರಿಸಿ, ಯಾವ ಬಗೆಯ ವೀಸಾ ಬೇಕೆಂದು ಮೊದಲು ಕೇಳಿಕೊಳ್ಳಬೇಕು. ಟಿಕೀಟು ತೆಗೆಸುವುದು ಆಮೇಲೆ.