ಹಳೆ ಸೀರೆ, ಹೊಸ ಕೂಸು

ಕೇಳುಗರಿಗೆ ನಮಸ್ಕಾರ.

ನನಗೀಗ ಏಳು ತಿಂಗಳು ತುಂಬಿದೆ. ಚೊಚ್ಚಲು. ಮೊದಲ ಮೂರು ತಿಂಗಳು ಒಗ್ಗರಣೆ ವಾಸನೆ ಬಂದರೆ ಸಾಕು, ಬಚ್ಚಲಿಗೆ ಓಡುತ್ತಿದ್ದೆ. ಐದನೇ ತಿಂಗಳಲ್ಲಿ ಒಂದು ರಾತ್ರಿ ಎಡಮಗ್ಗುಲಾಗಿ ಮಲಗಿದ್ದಾಗ ಹೊಕ್ಕುಳ ಕೆಳಗೆ ಏನೋ ಮಿಸುಕಿತು. ವಾಯು ಇರಬೇಕು ಅಂದುಕೊಂಡೆ. ಮತ್ತೆ ಮಿಸುಕಿತು. ಈಗಂತೂ ಊಟವಾದ ಮೇಲೆ ಒದೆಯುವುದೇ ಕೆಲಸ. ಅಂಗೈ ಇಟ್ಟರೆ ಹಿಮ್ಮಡಿಯೋ ಮೊಣಕೈಯೋ ತಾಗಿ ಸರಿದುಹೋಗುತ್ತದೆ. ಈ ಜೀವಕ್ಕಾಗಿ ನಾವು ಏನೇನು ತಂದು ತುಂಬುತ್ತೇವೆ, ಅದೆಲ್ಲ ಕೊನೆಗೆ ಎಲ್ಲಿಗೆ ಹೋಗುತ್ತದೆ ಎಂಬ ಯೋಚನೆ ನನ್ನನ್ನು ಹಿಡಿದದ್ದು ಆಗಲೇ.

ಬಸುರಿ ಎಂದು ಫೋನಿಗೆ ಹೇಗೋ ಗೊತ್ತಾಗಿಬಿಡುತ್ತದೆ. ಪರಿಸರಸ್ನೇಹಿ ಜಬಲ, ಪರಿಸರಸ್ನೇಹಿ ಹಾಸಿಗೆ, ಬಿದಿರಿನ ಬಟ್ಟೆ ಎಂದು ಜಾಹೀರಾತುಗಳು ಸಾಲುಗಟ್ಟುತ್ತವೆ. ಬಿದಿರಿನ ಬಟ್ಟೆ ಎಂದು ಮಾರುವುದರಲ್ಲಿ ಹೆಚ್ಚಿನದು ಬಿದಿರಿನ ತಿರುಳನ್ನು ರಾಸಾಯನಿಕದಲ್ಲಿ ಕರಗಿಸಿ ತೆಗೆದ ರೇಯಾನ್ ನೂಲು. ಭೂಮಿಯ ಹೊರೆ ಇಳಿಸಬೇಕೆಂದರೆ ಮೊದಲು ಕೊಳ್ಳುವುದನ್ನೇ ಕಡಿಮೆ ಮಾಡಬೇಕು.

ನನ್ನ ತವರು ಹಾವೇರಿ ಕಡೆ. ಕೂಸು ಹುಟ್ಟುವ ಮೊದಲು ಹೊಸದೇನೂ ತರಬಾರದು ಎಂಬುದು ನಮ್ಮ ಮನೆಯ ಕಟ್ಟಳೆ. ಹುಟ್ಟಿದ ಎಷ್ಟೋ ಕೂಸುಗಳು ಉಳಿಯದೆ ಹೋಗುತ್ತಿದ್ದ ಕಾಲದ ಅಂಜಿಕೆ ಅದರೊಳಗಿದೆ. ಆ ಅಂಜಿಕೆಯನ್ನು ನಾನು ಹೊರಲಾರೆ, ಆದರೆ ಪದ್ಧತಿಯನ್ನು ಸಂತೋಷದಿಂದ ಇಟ್ಟುಕೊಂಡಿದ್ದೇನೆ. ಹೋದ ಸಲ ಊರಿಗೆ ಹೋದಾಗ ಅವ್ವ ಟ್ರಂಕ್ ತೆಗೆದು ನುಸಿಗುಳಿಗೆ ವಾಸನೆಯ ನೂಲಿನ ಸೀರೆಗಳನ್ನೆಲ್ಲ ಹೊರಗೆ ಹಾಕಿದಳು. ಒಂದೊಂದನ್ನೂ ಕೆನ್ನೆಗೆ ಒತ್ತಿ ನೋಡಿ, ಒರಟೆನಿಸಿದ್ದನ್ನು ಪಕ್ಕಕ್ಕಿಟ್ಟಳು. “ಹೊಸಾ ಅರಿವಿ ಗಂಜಿ ಕುಡದಿರ್ತದ, ಕೂಸಿನ ಮೈಗೆ ಚುಚ್ಚತದವಾ” ಅಂದಳು.

ಐದೂವರೆ ಮೀಟರ್ ಸೀರೆಯನ್ನು ಉದ್ದಕ್ಕೆ ಎರಡಾಗಿ ಸೀಳಿ, ಅಗಲಕ್ಕೆ ಸರಿಯಾಗಿ ಚೌಕ ಕತ್ತರಿಸಿದರೆ ಸುಮಾರು ಇಪ್ಪತ್ತು ತುಂಡು. ಎರಡೆರಡು ಸೇರಿಸಿ ಅಂಚು ಹೊಲಿದರೆ ಹತ್ತು ಲಂಗೋಟಿ. ಎಳೆಗೂಸಿಗೆ ದಿನಕ್ಕೆ ಎಂಟು ಹತ್ತು ಸಲವಾದರೂ ಬದಲಿಸಬೇಕಾಗುತ್ತದೆ, ಆದ್ದರಿಂದ ಮೂರು ಸೀರೆಗಳಿದ್ದರೆ ಮೂರು ದಿನ ಸುಧಾರಿಸಬಹುದು. ಅಪ್ಪನ ಹಳೆ ಧೋತರ ಇನ್ನೂ ಮೆತ್ತಗೆ, ಅದು ಕೂಸನ್ನು ಸುತ್ತಿಡಲಿಕ್ಕೆ. ಉಳಿದ ತುಂಡುಗಳನ್ನು ಪದರ ಪದರವಾಗಿ ಹಾಸಿ ದೊಡ್ಡವ್ವ ಕೌದಿ ಹೊಲಿಯುತ್ತಿದ್ದಾಳೆ. ಹೆರಿಗೆ ಶ್ರಾವಣಕ್ಕೆ. ಆಗ ಜಿಟಿಜಿಟಿ ಮಳೆ, ಬಿಸಿಲು ಕಾಣುವುದೇ ಅಪರೂಪ. ಅಂಗಡಿಯ ದಪ್ಪ ಬಟ್ಟೆ ಡೈಪರ್ ಆ ದಿನಗಳಲ್ಲಿ ಒಣಗುವುದಿಲ್ಲ. ಎರಡು ಪದರದ ತೆಳು ಲಂಗೋಟಿ ಫ್ಯಾನಿನ ಗಾಳಿಗೂ ಒಣಗುತ್ತದೆ.

ಬಟ್ಟೆ ಎಂದ ಮಾತ್ರಕ್ಕೆ ಪರಿಸರಕ್ಕೆ ಒಳ್ಳೆಯದು ಎಂದೂ ಹೇಳಲಾಗದು. 2008ರಲ್ಲಿ ಇಂಗ್ಲೆಂಡಿನ ಪರಿಸರ ಸಂಸ್ಥೆ ಒಂದು ಅಧ್ಯಯನ ಪ್ರಕಟಿಸಿತು. ಎರಡೂವರೆ ವರ್ಷ ಒಂದು ಮಗುವಿಗೆ ಬಳಸಿ ಎಸೆಯುವ ಡೈಪರ್ ಹಾಕಿದರೆ ಸುಮಾರು 550 ಕಿಲೋ ಇಂಗಾಲದ ಡೈಆಕ್ಸೈಡ್‌ನಷ್ಟು ಹೊರೆ, ಬಟ್ಟೆಯದಾದರೆ ಸುಮಾರು 570 ಕಿಲೋ. ಬಟ್ಟೆಯದು ಹೆಚ್ಚಾದದ್ದು ಬಿಸಿನೀರು ಮತ್ತು ಒಣಗಿಸುವ ಯಂತ್ರದ ವಿದ್ಯುತ್ತಿನಿಂದ. ತಂತಿಯ ಮೇಲೆ ಒಣಗಿಸಿ, ಮಷೀನು ತುಂಬಿದ ಮೇಲೇ ಒಗೆದು, ಎರಡನೇ ಮಗುವಿಗೂ ಅವನ್ನೇ ಬಳಸಿದರೆ ಬಟ್ಟೆಯ ಹೊರೆ ಶೇ. 40ರಷ್ಟು ಇಳಿಯುತ್ತದೆ. ನಮ್ಮಲ್ಲಿ ತಂತಿಯೂ ಇದೆ, ಅಕ್ಕತಂಗಿಯರ ನಡುವೆ ಕೂಸಿನ ಬಟ್ಟೆ ಕೈ ಬದಲಾಯಿಸುವ ರೂಢಿಯೂ ಇದೆ.

ಇಷ್ಟಾದ ಮೇಲೆ ಒಗೆಯುವವರು ಯಾರು? ಇದರ ಬಗ್ಗೆ ಯಾರೂ ಮಾತಾಡುವುದಿಲ್ಲ, ಅದಕ್ಕೇ ನಾನು ಒತ್ತಿ ಹೇಳುತ್ತಿದ್ದೇನೆ. ಪ್ಲಾಸ್ಟಿಕ್ ಉಳಿಸಿದ ಪುಣ್ಯವೆಲ್ಲ ಬಾಣಂತಿಯ ರಟ್ಟೆಯಿಂದಲೋ ಮಂಡಿನೋವಿರುವ ಅವಳ ತಾಯಿಯ ಸೊಂಟದಿಂದಲೋ ಬರಬೇಕಾದರೆ ನನಗದು ಬೇಡ. ನಮ್ಮ ಮನೆಯವರು ರಜೆ ಹಾಕಿ ಬಂದು ಲಂಗೋಟಿ ಒಗೆಯುತ್ತೇನೆ ಅಂದಾಗ ಅವ್ವ ಗಾಬರಿಯಾಗಿ, “ಅಳಿಯಾಗ ಲಂಗೋಟಿ ಒಗಿಯಾಕ ಹಚ್ತೀ ಏನ?” ಅಂದಳು. ಹೌದವ್ವ, ಹಚ್ತೀನಿ ಅಂದೆ. ಮೊದಲೆರಡು ಹೆರಿಗೆಗೆ ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ ನೌಕರಿಯಲ್ಲಿರುವ ತಾಯಿಗೆ 26 ವಾರ ಸಂಬಳಸಹಿತ ರಜೆ ಕೊಡಬೇಕೆಂದು 2017ರಿಂದ ಕಾನೂನಿದೆ. ಖಾಸಗಿ ಕೆಲಸದಲ್ಲಿರುವ ತಂದೆಗೆ ಅಂಥ ಹಕ್ಕಿಲ್ಲ. ಇವರು ವರ್ಷದ ರಜೆಯನ್ನೆಲ್ಲ ಕೂಡಿಟ್ಟುಕೊಂಡಿದ್ದಾರೆ. ಕೆಲಸವೇನೂ ಬ್ರಹ್ಮವಿದ್ಯೆಯಲ್ಲ: ಕಕ್ಕಸಿನ ಗುಂಡಿಗೆ ಕೊಡವಿ, ತಣ್ಣೀರಲ್ಲಿ ನೆನೆಸಿ, ಸೋಪಿನಲ್ಲಿ ಒಗೆದು, ಚೆನ್ನಾಗಿ ಜಾಲಿಸಿ ಹರವುವುದು. ಬಟ್ಟೆ ಮೆತ್ತಗಾಗಿಸುವ ದ್ರವ ಬೇಡ, ಅದರಿಂದ ಬಟ್ಟೆ ನೀರು ಹೀರುವುದು ಕಡಿಮೆಯಾಗುತ್ತದೆ.

ಹಿರಿಯರ ಪದ್ಧತಿಗಳನ್ನೆಲ್ಲ ಕಣ್ಣುಮುಚ್ಚಿ ಒಪ್ಪಿಕೊಂಡಿಲ್ಲ. ಹುಟ್ಟಿದ ಕೂಸಿನ ನಾಲಿಗೆಗೆ ಜೇನುತುಪ್ಪ ನೆಕ್ಕಿಸುವುದು ಬೇಡ. ವರ್ಷ ತುಂಬುವವರೆಗೆ ಜೇನಿನಿಂದ ಬಾಟುಲಿಸಂ ಎಂಬ ಅಪಾಯಕಾರಿ ಕಾಯಿಲೆ ಬರಬಹುದು. ಕೆಲವು ಕಾಡಿಗೆಗಳಲ್ಲಿ ಸೀಸ ಇರುತ್ತದೆ, ಕಣ್ಣಿಗೆ ಹಚ್ಚಬಾರದು. ಲೋಬಾನದ ಹೊಗೆ ಎಳೆಯ ಶ್ವಾಸಕೋಶಕ್ಕೆ ಆಗದು. ದೊಡ್ಡವ್ವ ಮುನಿಸಿಕೊಂಡಳು, ಆಶಾ ಕಾರ್ಯಕರ್ತೆ ಬಂದು ತಿಳಿಹೇಳಿದ ಮೇಲೆ ಒಪ್ಪಿದಳು. ಆರು ತಿಂಗಳು ಎದೆಹಾಲೊಂದೇ. ಹಿಂಡಿದ ಹಾಲು ಕುಡಿಸಬೇಕಾದ ದಿನ ಬಂದರೆ ಒಳಲೆಯನ್ನು ಕುದಿಸಿ ಬಳಸುವುದು. ತೊಟ್ಟಿಲು ಅಕ್ಕನದು, ಅವಳ ಎರಡೂ ಮಕ್ಕಳು ಮಲಗೆದ್ದದ್ದು. ಆಟಿಕೆಯ ಮಾತು ಸದ್ಯಕ್ಕಿಲ್ಲ. ಮುಂದೆ ಆಲೆಮರದಲ್ಲಿ ಕಡೆದು ಅರಗಿನ ಬಣ್ಣ ಕೊಟ್ಟ ಚನ್ನಪಟ್ಟಣದ ಗಿಲಕಿ ಒಂದು ಸಾಕು.

ಆಸ್ಪತ್ರೆಯಲ್ಲಿರುವ ದಿನಗಳಿಗೆ, ಬಸ್ ಪ್ರಯಾಣಕ್ಕೆ ಒಂದು ಪೊಟ್ಟಣ ಡೈಪರ್ ಇಟ್ಟುಕೊಂಡಿದ್ದೇನೆ. ಸಿಸೇರಿಯನ್ ಆದವರು, ಅವಳಿ ಮಕ್ಕಳ ತಾಯಂದಿರು, ನೀರಿಗೆ ಟ್ಯಾಂಕರ್ ಕಾಯುವವರು ಹೆಚ್ಚು ಬಳಸಬೇಕಾಗಬಹುದು, ಅದಕ್ಕಾಗಿ ಯಾರೂ ತಲೆತಗ್ಗಿಸಬೇಕಿಲ್ಲ. ಎಸೆಯುವಾಗ ಒಂದು ಮಾತು ನೆನಪಿಡಿ. ಅದರ ಹೊರಪದರ ಪ್ಲಾಸ್ಟಿಕ್, ಒಳಗಿರುವುದು ಉಚ್ಚೆ ಹೀರಿ ಲೋಳೆಯಾಗುವ ಪುಡಿ. ಅದು ಗೊಬ್ಬರವಾಗುವುದಿಲ್ಲ. ಹಸಿಕಸದ ಡಬ್ಬಿಗೆ ಹಾಕಿದರೆ ಪೌರಕಾರ್ಮಿಕರು ಅದನ್ನು ಕೈಯಲ್ಲಿ ಆರಿಸಿ ತೆಗೆಯಬೇಕಾಗುತ್ತದೆ. ಮಲವನ್ನು ಕಕ್ಕಸಿಗೆ ಕೊಡವಿ, ಹಳೆ ಪೇಪರಿನಲ್ಲಿ ಬಿಗಿಯಾಗಿ ಸುತ್ತಿ, ಮೇಲೊಂದು ಕೆಂಪು ಗುರುತು ಹಾಕಿ, ಬೇರೆಯಾಗಿ ಅವರ ಕೈಗೆ ಕೊಡಿ.

ನಮಸ್ಕಾರ.