ಮೆದುಳಿಲ್ಲದ ಹೈಡ್ರಾಕ್ಕೂ ಗೆಡ್ಡೆ

ನಮಸ್ಕಾರ. ನಾನು ಪ್ರಾಣಿಶಾಸ್ತ್ರದ ಮೇಷ್ಟ್ರು ಅಂತ ಗೊತ್ತಾದರೆ ಸಾಕು, ಮದುವೆ ಮನೆಯಲ್ಲೂ ಒಬ್ಬರು ಹಿಡಿದು ಕೇಳುತ್ತಾರೆ: "ಸಾರ್, ಈ ಕ್ಯಾನ್ಸರ್ ಹಿಂದಿನ ಕಾಲದಲ್ಲಿ ಇರಲಿಲ್ಲ ಅಲ್ವಾ?" ಇತ್ತು ಸ್ವಾಮಿ. ಡೈನೋಸಾರ್ ಮೂಳೆಯಲ್ಲೇ ಸಿಕ್ಕಿದೆ. ಜೀವಕೋಶಗಳು ಒಟ್ಟಿಗೆ ಸಂಸಾರ ಹೂಡಿದ ದಿನದಿಂದ ಇದೆ. ಇವತ್ತು ನಾನು ಹೇಳೋದು ಇದನ್ನೇ, ಜೊತೆಗೆ ಮೆದುಳಿನ ಮಾತೂ ಒಂದಿಷ್ಟು.

ಒಂದು ಕಥೆ ಕೇಳಿ. 1740. ಹಾಲೆಂಡಿನ ಹೇಗ್ ಹತ್ತಿರ ದೊಡ್ಡವರ ಮನೆಯ ಇಬ್ಬರು ಹುಡುಗರಿಗೆ ಮನೆಪಾಠ ಹೇಳುತ್ತಿದ್ದವರು ಅಬ್ರಹಾಂ ಟ್ರೆಂಬ್ಲೆ. ಹಳ್ಳದ ನೀರು ತಂದು ಗಾಜಿನ ಜಾಡಿಯಲ್ಲಿಟ್ಟರು. ಅದರಲ್ಲಿ ಹಸಿರು ದಾರದ ಚೂರಿನಂಥದ್ದು, ತುದಿಯಲ್ಲಿ ಎಳೆ ಎಳೆ ಕೈಗಳು. ಗಿಡ ಅಂದುಕೊಂಡರು. ಆದರೆ ಅದು ಅಲುಗಾಡಿತು! ಬೆಳಕಿನ ಕಡೆ ಹೋಗಿ ಕೂತಿತು, ಜಾಡಿ ತಿರುಗಿಸಿಟ್ಟರೆ ನಿಧಾನವಾಗಿ ಮತ್ತೆ ಬೆಳಕಿನ ಕಡೆಗೇ ಬಂತು. ಗಿಡವೋ ಪ್ರಾಣಿಯೋ? ಗಿಡವಾದರೆ ಕತ್ತರಿಸಿದರೂ ಚಿಗುರುತ್ತೆ ಅಂತ ಎರಡು ತುಂಡು ಮಾಡಿದರು. ಕೆಲವು ದಿನಗಳಲ್ಲಿ ತಲೆಗೆ ಬಾಲ ಬಂತು, ಬಾಲಕ್ಕೆ ತಲೆ ಬಂತು. ಆದರೆ ಅದು ನೀರಿನ ಹುಳ ಹಿಡಿದು ತಿನ್ನುತ್ತೆ, ಪ್ರಾಣಿಯೇ! ಅಷ್ಟಕ್ಕೇ ಬಿಡಲಿಲ್ಲ ಪುಣ್ಯಾತ್ಮ, ಹಂದಿ ಕೂದಲಿನಿಂದ ಅದನ್ನು ಅಂಗಿ ಮಗುಚಿದ ಹಾಗೆ ಒಳಗು ಹೊರಗು ಮಾಡಿದರು. ಆಗಲೂ ಬದುಕಿತು. ಅದೇ ಹೈಡ್ರಾ.

ಹೇಗೆ ಬದುಕುತ್ತೆ? ಅದರ ಮೈಯಲ್ಲಿ ಸದಾ ಒಡೆದು ಎರಡಾಗುವ ಕೋಶಗಳಿವೆ. ಬೇಕಾದ್ದೆಲ್ಲ ಅವೇ ಕಟ್ಟುತ್ತವೆ. ಅಪಾಯವೂ ಅಲ್ಲೇ ಇರೋದು. 2014ರಲ್ಲಿ ಜರ್ಮನಿಯ ಕೀಲ್ ವಿಶ್ವವಿದ್ಯಾಲಯದ ಥಾಮಸ್ ಬಾಷ್ ತಂಡ ಹೈಡ್ರಾದಲ್ಲಿ ಕ್ಯಾನ್ಸರ್‌ನಂಥ ಗೆಡ್ಡೆ ಕಂಡಿತು. ಮೊಟ್ಟೆಯಾಗಬೇಕಿದ್ದ ಕೋಶಗಳು ಮೊಟ್ಟೆಯಾಗಲಿಲ್ಲ, ಸಾಯಬೇಕಾದಾಗ ಸಾಯಲೂ ಇಲ್ಲ, ಸುಮ್ನೆ ಗುಂಪುಗೂಡಿ ಕೂತವು. ಕೂಡುಕುಟುಂಬದಲ್ಲಿ ಒಬ್ಬ ದುಡಿಯದೆ ಊಟಕ್ಕೆ ಮಾತ್ರ ಮುಂದೆ ಕೂತ ಹಾಗೆ. ಹೈಡ್ರಾದ ಕವಲೂ ನಮ್ಮ ಕವಲೂ ಬೇರೆಯಾಗಿ 50 ಕೋಟಿ ವರ್ಷಕ್ಕೂ ಜಾಸ್ತಿ ಆಯಿತು. ಈಗ ಹೇಳಿ, ಇದು ಮೊನ್ನೆ ಮೊನ್ನೆ ಬಂದ ಕಾಯಿಲೆಯಾ?

ಮೆದುಳಿನ ವಿಷಯ ಬಾಕಿ ಇದೆ, ಗಡಿಯಾರ ಮಾತ್ರ ಓಡುತ್ತಿದೆ. ಹೈಡ್ರಾಕ್ಕೆ ಮೆದುಳಿಲ್ಲ, ಮೈತುಂಬ ನರಗಳ ಬಲೆ ಇದೆ. ಮುಟ್ಟಿದರೆ ಮುದುಡಿ ಚುಕ್ಕೆಯಾಗುತ್ತದೆ. ಸ್ಪಂಜು ಅನ್ನೋ ನೀರಿನ ಪ್ರಾಣಿಗಳಿಗೆ ನರವೇ ಇಲ್ಲ, ಆದರೂ ನರಗಳು ಒಂದಕ್ಕೊಂದು ಮಾತಾಡಲು ಬಳಸುವ ಎಷ್ಟೋ ಜೀನ್‌ಗಳು ಅವುಗಳಲ್ಲೂ ಇವೆ. ಕೋಶಗಳು ಒಟ್ಟಿಗಿರಬೇಕಾದರೆ ಮಾತುಕತೆ ಬೇಕೇ ಬೇಕು. ಆ ಮಾತುಕತೆ ಬೆಳೆದು ಬೆಳೆದು ಮೆದುಳಾಯಿತು. ಮಾತು ಕೇಳದ ಕೋಶ ಗೆಡ್ಡೆಯಾಯಿತು. ಎರಡೂ ಹುಟ್ಟಿದ್ದು ಒಂದೇ ಸಂಸಾರದಲ್ಲಿ.

ಆನೆಯ ಕಥೆ ಹೇಳೋಣ ಅಂತ ಬಂದಿದ್ದೆ. ಗೆಡ್ಡೆ ತಡೆಯುವ ಪಿ53 ಅನ್ನೋ ಜೀನ್ ನಮಗೆ ಒಂದು ಜೊತೆ, ಆನೆಗೆ ಸುಮಾರು 20 ಜೊತೆ. ಇರಲಿ, ಸಮಯ ಮುಗಿಯಿತು ಅಂತ ಸ್ಟುಡಿಯೋ ಗಾಜಿನಾಚೆಯಿಂದ ಕೈ ತೋರಿಸುತ್ತಿದ್ದಾರೆ. ನಿಮ್ಮೂರಿನ ತಿಳಿನೀರಿನ ಕೆರೆಯಿಂದ ನಾಲ್ಕು ಎಳೆ ಜೊಂಡು ತಂದು ಗಾಜಿನ ಜಾಡಿಯಲ್ಲಿ ಕಿಟಕಿ ಹತ್ತಿರ ಇಡಿ. ಎರಡು ದಿನ ಅಲುಗಾಡಿಸಬೇಡಿ. ಆಮೇಲೆ ಬೆಳಕು ಬೀಳುವ ಕಡೆ ಕಣ್ಣಿಟ್ಟು ನೋಡಿ.